ತಣ್ಣಗೆ, ತಂಪು, ಕೊರೆಯುವ: ‘ಐಸ್ ಕೋಲ್ಡ್ ಇನ್ ಅಲೆಕ್ಸ್’ಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

1958ರಲ್ಲಿ ಬಂದ ಬ್ರಿಟಿಷ್ ಚಿತ್ರ ‘ಐಸ್ ಕೋಲ್ಡ್ ಇನ್ ಅಲೆಕ್ಸ್’ ಅನ್ನು ನೋಡಿದವರು ಇಂದಿಗೂ ಅದನ್ನು ಏಕೆ ಅಷ್ಟು ಅಕ್ಕರೆಯಿಂದ ನೆನೆಯುತ್ತಾರೆ ಎಂಬುದನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ‘ಅಲೆಕ್ಸ್’ ಎಂಬುದು ಸೈನಿಕರ ಬಾಯಲ್ಲಿ ಮೊಟಕಾದ ಈಜಿಪ್ಟಿನ ಅಲೆಕ್ಸಾಂಡ್ರಿಯಾ, ಅದರಲ್ಲಿ ತೊಡಕಿಲ್ಲ. ಹೆಸರಿನ ಮೊದಲೆರಡು ಪದಗಳನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂಬುದೇ ನನ್ನ ಪ್ರಶ್ನೆ.

ಕಥೆ ನಡೆಯುವುದು 1942ರಲ್ಲಿ, ಲಿಬಿಯಾದ ಬಂದರು ಪಟ್ಟಣ ಟೊಬ್ರೂಕ್ ಜರ್ಮನ್ ಸೇನೆಯ ಕೈಗೆ ಬೀಳುವ ಹೊತ್ತಿನಲ್ಲಿ. ಯುದ್ಧದಿಂದ ಬಳಲಿ ಕುಡಿತಕ್ಕೆ ಬಿದ್ದಿರುವ ಕ್ಯಾಪ್ಟನ್ ಆನ್ಸನ್ (ಜಾನ್ ಮಿಲ್ಸ್) ‘ಕೇಟಿ’ ಎಂಬ ಆಂಬುಲೆನ್ಸಿನಲ್ಲಿ ಮರುಭೂಮಿ ದಾಟಬೇಕು. ಅಲೆಕ್ಸಾಂಡ್ರಿಯಾ ತಲುಪುವವರೆಗೆ ಒಂದು ಹನಿಯನ್ನೂ ಮುಟ್ಟುವುದಿಲ್ಲ, ತಲುಪಿದ ಮೇಲೆ ಅಲ್ಲಿನ ಒಂದು ಬಾರಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸುತ್ತೇನೆ ಎಂದು ಅವನು ಮಾತು ಕೊಡುತ್ತಾನೆ. ಪ್ರೇಕ್ಷಕರ ನೆನಪಿನಲ್ಲಿ ಎರಡು ದೃಶ್ಯಗಳು ಅಚ್ಚೊತ್ತಿವೆ. ಮರಳಿನ ಏರನ್ನು ಹತ್ತಲಾರದ ಕೇಟಿಯನ್ನು ರಿವರ್ಸ್ ಗೇರಿನಲ್ಲಿಟ್ಟು, ಹ್ಯಾಂಡಲ್ ತಿರುಗಿಸುತ್ತ ಹಿಮ್ಮುಖವಾಗಿ ಅಂಗುಲ ಅಂಗುಲವೇ ಮೇಲೇರಿಸುವುದು, ಇನ್ನೇನು ಮುಟ್ಟಿದೆವು ಎನ್ನುವಾಗ ಕೈತಪ್ಪಿ ಅದು ಪೂರ್ತಿ ಕೆಳಗಿಳಿದುಬಿಡುವುದು ಒಂದು. ಇನ್ನೊಂದು ಆ ಬಿಯರ್. ಬೆವರಿದ ಗ್ಲಾಸಿನ ಮೇಲೆ ಆನ್ಸನ್ ಮೆಲ್ಲನೆ ಬೆರಳೆಳೆಯುತ್ತಾನೆ, ಆಮೇಲೆ ಒಂದೇ ಗುಟುಕಿಗೆ ಬರಿದು ಮಾಡುತ್ತಾನೆ. ಸುಮಾರು ಎರಡು ಗಂಟೆ ಮರಳು, ಧೂಳು, ಬಿಸಿಲುಗಳನ್ನು ಕಪ್ಪುಬಿಳುಪಿನಲ್ಲಿ ನೋಡಿದ ಪ್ರೇಕ್ಷಕನಿಗೂ ಅಷ್ಟರಲ್ಲಿ ಗಂಟಲಾರಿರುತ್ತದೆ.

ಹೀಗಾಗಿ ಹೆಸರಿನಲ್ಲಿರುವ ತಣ್ಪು ಬರಿಯ ಉಷ್ಣತೆಯ ಅಳತೆಯಲ್ಲ, ಬದುಕಿ ತಲುಪುವ ಆಸೆ. ‘ಹಿಮಶೀತಲ’ ಎಂದರೆ ಅರ್ಥ ಸರಿಯಿದ್ದರೂ ಬಾಯಾರಿದವನು ಆಡುವ ಮಾತಾಗುವುದಿಲ್ಲ. ‘ಕೊರೆಯುವ’ ಎಂಬುದು ತೀವ್ರತೆಯನ್ನು ತರುತ್ತದೆ, ಆದರೆ ನಾವು ಹೆಚ್ಚಾಗಿ ಕೊರೆಯುವ ಚಳಿ, ಕೊರೆಯುವ ಗಾಳಿ ಎಂದು ನೋಯಿಸುವ ಸಂಗತಿಗಳಿಗೇ ಅದನ್ನು ಬಳಸುತ್ತೇವೆ. ‘ತಂಪು’ ಹಿತವಾದ ಪದ. ತಂಪು ಹೊತ್ತಿನಲ್ಲಿ ನೆನೆಯಬೇಕು ಎಂಬ ಮಾತಿನಲ್ಲಿ ಉಪಕಾರದ ಸ್ಮರಣೆಯೂ ಇದೆ, ಈ ಚಿತ್ರದ ಅಭಿಮಾನಿಗಳು ಅದನ್ನು ನೆನೆಯುವ ಬಗೆಗೆ ಅದು ಚೆನ್ನಾಗಿ ಒಪ್ಪುತ್ತದೆ. ಆದರೆ ‘ತಂಪು ಪಾನೀಯ’ ಎಂದೊಡನೆ ಇಂದಿನ ಓದುಗನಿಗೆ ಸೋಡಾ, ಕೋಲಾಗಳೇ ಕಣ್ಣಿಗೆ ಬರುತ್ತವೆ, ಬಿಯರ್ ಬರುವುದಿಲ್ಲ.

ನನ್ನ ಒಲವು ‘ತಣ್ಣಗೆ’ಯ ಕಡೆಗೆ. ತಂಗಾಳಿ, ತಣ್ಣೀರು, ತಂಗಳು ಈ ಮೂರರಲ್ಲೂ ಇರುವುದು ಒಂದೇ ‘ತಣ್’. ತಂಗಳು ಎಂಬುದರಲ್ಲಿ ಹಳಸಲಿನ ಛಾಯೆ ಬಂದಿರುವುದು, ಉತ್ಸಾಹ ‘ತಣ್ಣಗಾಯಿತು’ ಎಂದರೆ ಕುಂದಿತು ಎಂದಾಗುವುದು ನನಗೆ ಗೊತ್ತು. ಆದರೂ ಊಟ ಹಾಕಿದವರಿಗೆ ‘ನಿಮ್ಮ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವ ಭಾಷೆಯಲ್ಲಿ ಆ ಪದಕ್ಕೆ ಇರುವ ನೆಮ್ಮದಿ ಬೇರಾವುದಕ್ಕೂ ಇಲ್ಲವೆಂದು ನಂಬಿದ್ದೇನೆ. ‘ಅಲೆಕ್ಸಿನಲ್ಲಿ ಐಸಿನಷ್ಟು ತಣ್ಣಗೆ’ ಎಂದರೆ, ಏನು ತಣ್ಣಗೆ ಎಂಬುದನ್ನು ಮೂಲದಂತೆಯೇ ಹೇಳದೆ ಬಿಟ್ಟಂತೆಯೂ ಆಗುತ್ತದೆ. ಈ ಹೇಳದಿರುವಿಕೆಯನ್ನು ಕೆಡಿಸಲು ನನಗೆ ಮನಸ್ಸಿಲ್ಲ.

ತಿಳಿದವರಲ್ಲಿ ಎರಡು ಕೋರಿಕೆಗಳಿವೆ. ‘ಐಸಿನಷ್ಟು’ ಎಂಬುದರ ಬದಲು ತೀವ್ರತೆಯನ್ನೂ ಹಿತವನ್ನೂ ಒಟ್ಟಿಗೆ ಹೇಳುವ ಆಡುಮಾತು ನಿಮ್ಮ ಸೀಮೆಯಲ್ಲಿದ್ದರೆ ದಯವಿಟ್ಟು ತಿಳಿಸಿ. ಹಾಗೆಯೇ, ಉತ್ತರ ಕರ್ನಾಟಕದ ‘ನೀರಡಿಕೆ’ಯಲ್ಲಿ ನೀರು ಹೆಸರಿನಲ್ಲೇ ಇರುವುದರಿಂದ ಆನ್ಸನ್‌ನ ಬಾಯಾರಿಕೆಗೆ ಅದನ್ನು ಬಳಸಿದರೆ ಅಲ್ಲಿನವರ ಕಿವಿಗೆ ಅಸಹಜವೆನಿಸುವುದೇ, ಅಥವಾ ಬಳಕೆಯಲ್ಲಿ ಆ ‘ನೀರು’ ಈಗ ಯಾರ ಗಮನಕ್ಕೂ ಬಾರದಷ್ಟು ಸವೆದಿದೆಯೇ?