ಮಳೆಗಾಲ ಮುಗಿದ ಮೇಲೆ ಫೋರ್ಕ್ ಬಿಗಿಯಾಗಿದೆ: ಸೀಲ್‌ಗೆ ಹೊರಗಿನಿಂದ ಎಣ್ಣೆ ಬಿಟ್ಟರೆ ಸಾಕೇ?

ಕಾಫಿತೋಟದ_ಸವಾರ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನ ಕಡೆಯವನು. ಒಂದೂವರೆ ವರ್ಷದ ಹಿಂದೆ ಕೊಂಡ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ) ಮೌಂಟನ್ ಬೈಕನ್ನು ವಾರಕ್ಕೆ ಸುಮಾರು ಐದು ಗಂಟೆ, ಹೆಚ್ಚಾಗಿ ತೋಟದ ಮಣ್ಣುದಾರಿಗಳಲ್ಲಿ, ಓಡಿಸುತ್ತೇನೆ. ಮುಂದಿರುವುದು 32 ಮಿ.ಮೀ. ಸ್ಟ್ಯಾಂಚನ್ (ಒಳಕ್ಕೆ ಜಾರುವ ಮೇಲಿನ ಕೊಳವೆ) ಮತ್ತು 120 ಮಿ.ಮೀ. ಟ್ರಾವೆಲ್ (ಕುಗ್ಗುವ ಉದ್ದ) ಇರುವ ಏರ್ ಫೋರ್ಕ್, ಅಂದರೆ ಗಾಳಿಯ ಒತ್ತಡದ ಮೇಲೆ ನಡೆಯುವ ಮುಂದಿನ ಸಸ್ಪೆನ್ಷನ್. ಕೊಂಡಂದಿನಿಂದ ಇದುವರೆಗೆ ಅದನ್ನು ಒಮ್ಮೆಯೂ ಬಿಚ್ಚಿಲ್ಲ.

ಮೊದಲೆಲ್ಲ ಹ್ಯಾಂಡಲ್ ಮೇಲೆ ಕೈಯೂರಿದರೆ ಸಾಕು, ಫೋರ್ಕ್ ಮೆತ್ತಗೆ ಕೆಳಗಿಳಿಯುತ್ತಿತ್ತು. ಈ ಮಳೆಗಾಲ ಕಳೆಯುವ ಹೊತ್ತಿಗೆ ಅದು ಮೊದಲು ಹಿಡಿದುಕೊಂಡು, ಭಾರ ಹೆಚ್ಚಿದ ಮೇಲೆ ಒಮ್ಮೆಲೇ ಕುಸಿಯುವಂತಾಗಿದೆ. ದೊಡ್ಡ ಹಳ್ಳಕ್ಕೆ ಇಳಿದಾಗ ಕೆಲಸ ಮಾಡುತ್ತದೆ, ಸಣ್ಣ ಕಲ್ಲುಗಳೆಲ್ಲ ನೇರವಾಗಿ ಮಣಿಕಟ್ಟಿಗೆ ತಾಗುತ್ತವೆ. ಗಾಳಿಯ ಒತ್ತಡವನ್ನು 10 ಪಿಎಸ್‌ಐ ಇಳಿಸಿ ನೋಡಿದೆ, ಬಿಗಿ ಹಾಗೆಯೇ ಉಳಿಯಿತು. ಇದಲ್ಲದೆ ಎಡಗಡೆಯ ಸ್ಟ್ಯಾಂಚನ್ ಮೇಲೆ, ಸೀಲ್ ಹೋಗಿ ಬರುವ ಜಾಗದಲ್ಲಿ, ಕಂದು ಬಣ್ಣದ ಎಣ್ಣೆಯ ಉಂಗುರವೊಂದು ಮೂಡುತ್ತಿದೆ. ಒರೆಸಿದರೆ ಮರುದಿನ ಮತ್ತೆ ಬರುತ್ತದೆ.

ಊರಿನ ಸೈಕಲ್ ಅಂಗಡಿಯೊಂದರಲ್ಲಿ ತುಕ್ಕು ಬಿಡಿಸುವ ಸ್ಪ್ರೇಯನ್ನು ಸೀಲ್ ಸುತ್ತ ಹೊಡೆದು, ಹತ್ತು ಸಲ ಒತ್ತಿ, ಸರಿಯಾಯಿತೆಂದು ಕಳುಹಿಸಿದರು. ಎರಡು ದಿನ ನಿಜಕ್ಕೂ ಬೆಣ್ಣೆಯಂತಿತ್ತು. ಮೂರನೆಯ ದಿನ ಮೊದಲಿಗಿಂತ ಬಿಗಿಯಾಯಿತು. ಸೀಲ್‌ಗೆ ಯಾವ ಎಣ್ಣೆ ಬಿಡಬೇಕು, ಸೀಲನ್ನೇ ಬದಲಿಸಬೇಕೇ, ಈ ಕೆಲಸ ಮನೆಯಲ್ಲಿ ಆಗುವಂಥದ್ದೇ ಎಂಬುದನ್ನು ಬಲ್ಲವರು ತಿಳಿಸಬೇಕು. ನನ್ನಲ್ಲಿ ಅಲೆನ್ ಕೀ ಸೆಟ್ಟು, ಶಾಕ್ ಪಂಪು ಮತ್ತು ಮೋಟಾರ್ ಬೈಕಿನ ಸ್ಪ್ಯಾನರ್‌ಗಳಿವೆ; ಟಾರ್ಕ್ ರೆಂಚ್ ಇಲ್ಲ.

ಹಳೇ_ಸ್ಪ್ಯಾನರ್

ನಮಸ್ಕಾರ. ಇನ್ನು ಮುಂದೆ ಆ ಸ್ಪ್ರೇಯನ್ನು ಫೋರ್ಕ್ ಹತ್ತಿರ ತರಬೇಡಿ. ಅದು ತುಕ್ಕನ್ನು ಸಡಿಲಿಸಿ ಜಿಡ್ಡನ್ನು ಕರಗಿಸುವ ದ್ರಾವಕ. ಸೀಲ್ ತುಟಿಯೊಳಗೆ ಇದ್ದಷ್ಟು ಗ್ರೀಸನ್ನು ಅದು ತೊಳೆದುಹಾಕುತ್ತದೆ, ಜೊತೆಗೆ ಸೀಲ್ ಮೇಲೆ ಕೂತಿದ್ದ ಮಣ್ಣನ್ನು ತೆಳುವಾಗಿಸಿ ಒಳಕ್ಕೆ ಇಳಿಸುತ್ತದೆ. ಎರಡು ದಿನದ ಬೆಣ್ಣೆ, ಮೂರನೆಯ ದಿನದ ಬಿಗಿ, ಎರಡಕ್ಕೂ ಕಾರಣ ಅದೇ.

ಫೋರ್ಕಿನ ಹೊರಗಿನ ಕೆಳಕಾಲುಗಳ ಭಾಗಕ್ಕೆ ಲೋವರ್ ಎನ್ನುತ್ತಾರೆ. ಅದರ ಮೇಲ್ತುದಿಯಲ್ಲಿ ಕಣ್ಣಿಗೆ ಕಾಣುವ ಕಪ್ಪು ಅಥವಾ ಹಸಿರು ಉಂಗುರ ವೈಪರ್ ಸೀಲ್. ಹೊರಗಿನ ತುಟಿ ಮಣ್ಣನ್ನು ಕೆರೆದು ಹೊರಗಿಡುತ್ತದೆ, ಒಳಗಿನ ತುಟಿ ಎಣ್ಣೆಯನ್ನು ಒಳಗಿಡುತ್ತದೆ. ಅದರ ಕೆಳಗೆ, ಹೊರಗಿನಿಂದ ಕಾಣದಂತೆ, ಫೋಮ್ ರಿಂಗ್ ಇದೆ. ಅದಕ್ಕೂ ಕೆಳಗೆ, ಪ್ರತಿ ಕಾಲಿನಲ್ಲಿ ಎರಡೆರಡರಂತೆ, ಸ್ಟ್ಯಾಂಚನ್ ಜಾರುವ ಬುಶ್‌ಗಳಿವೆ. ಲೋವರ್‌ನ ತಳದಲ್ಲಿ ಕೆಲವೇ ಮಿಲಿಲೀಟರ್ ಎಣ್ಣೆ ನಿಂತಿರುತ್ತದೆ. ನೀವು ಓಡಿಸುವಾಗ ಆ ಎಣ್ಣೆ ಚಿಮ್ಮಿ ಬುಶ್‌ಗಳನ್ನು ನೆನೆಸಿ ಫೋಮ್ ರಿಂಗ್‌ಗೆ ಸೇರುತ್ತದೆ, ಫೋಮ್ ರಿಂಗ್ ಸ್ಟ್ಯಾಂಚನ್‌ಗೆ ತೆಳುವಾದ ಪೊರೆಯನ್ನು ಬಳಿಯುತ್ತಾ ಹೋಗುತ್ತದೆ. ಹಾಗಾಗಿ ಜಾರಿಕೆ ಬೇಕಾದ ಜಾಗವೆಲ್ಲ ಇರುವುದು ಸೀಲಿನ ಕೆಳಗೆ. ಮೇಲಿನಿಂದ ನೀವು ಏನನ್ನೇ ಬಿಟ್ಟರೂ, ಸೀಲ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದರೆ ಅದು ಒಳಗೆ ಹೋಗುವುದೇ ಇಲ್ಲ. ಹೋಗುತ್ತಿದ್ದರೆ ಸೀಲ್ ಕೆಟ್ಟಿದೆ ಎಂದರ್ಥ.

ವಾರಕ್ಕೆ ಐದು ಗಂಟೆಯಂತೆ ಒಂದೂವರೆ ವರ್ಷ ಎಂದರೆ 390 ಗಂಟೆ. ಫೋರ್ಕ್ ಕಂಪನಿಗಳ ಪೈಕಿ ರಾಕ್‌ಶಾಕ್ಸ್‌ನ ಹೆಚ್ಚಿನ ಮಾದರಿಗಳಿಗೆ ಪ್ರತಿ 50 ಗಂಟೆಗೆ ಲೋವರ್ ಸರ್ವಿಸ್ (ಲೋವರ್ ಬಿಚ್ಚಿ ಒರೆಸಿ ಎಣ್ಣೆ ಬದಲಿಸುವುದು) ಹೇಳಿದ್ದಾರೆ. ಫಾಕ್ಸ್‌ನವರು 125 ಗಂಟೆ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎನ್ನುತ್ತಾರೆ. ಯಾರ ಲೆಕ್ಕ ಹಿಡಿದರೂ ನಿಮ್ಮ ಫೋರ್ಕ್ ಬಾಕಿ ಉಳಿಸಿಕೊಂಡಿದೆ. ಫೋಮ್ ರಿಂಗ್ ಒಣಗಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎಡಗಡೆಯ ಎಣ್ಣೆಯುಂಗುರದ ಬಗ್ಗೆ ಬಿಚ್ಚಿ ನೋಡದೆ ಹೇಳಲಾಗದು. ಕೂದಲೆಳೆಯಷ್ಟು ತೆಳು ಗೆರೆ ಆರೋಗ್ಯದ ಲಕ್ಷಣವೇ ಸರಿ, ಆದರೆ ಒಂದೇ ಕಡೆ ಬರುತ್ತಿರುವುದು ನನಗೆ ಸರಿ ಕಾಣುತ್ತಿಲ್ಲ.

ಕೆಲಸ ಮನೆಯಲ್ಲೇ ಆಗುತ್ತದೆ. ಮೊದಲು ಶಾಕ್ ಪಂಪ್ ಹಾಕಿ ಈಗಿನ ಒತ್ತಡವನ್ನು ಓದಿ ಬರೆದಿಟ್ಟುಕೊಳ್ಳಿ. ಆಮೇಲೆ ವಾಲ್ವಿನ ಪಿನ್ನನ್ನು ನಿಧಾನವಾಗಿ ಒತ್ತುತ್ತಾ, ಫೋರ್ಕನ್ನು ಸ್ವಲ್ಪ ಸ್ವಲ್ಪ ಕುಲುಕುತ್ತಾ, ಗಾಳಿಯನ್ನು ಪೂರ್ತಿ ಬಿಡಿ. ಕುಲುಕದಿದ್ದರೆ ಕೆಳಗಿನ ನೆಗೆಟಿವ್ ಕೋಣೆಯಲ್ಲಿ ಗಾಳಿ ಉಳಿಯುತ್ತದೆ. ಈ ಹಂತವನ್ನು ಬಿಟ್ಟು ಬೋಲ್ಟಿಗೆ ಕೈ ಹಾಕಬಾರದು, ಒತ್ತಡವಿರುವ ಫೋರ್ಕ್ ಗಾಯ ಮಾಡಬಲ್ಲದು. ಚಕ್ರವನ್ನೂ ಬ್ರೇಕ್ ಕ್ಯಾಲಿಪರನ್ನೂ ತೆಗೆದು, ಕ್ಯಾಲಿಪರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಬ್ರೇಕ್ ಪ್ಯಾಡಿಗೆ ಒಂದು ಹನಿ ಎಣ್ಣೆ ತಗುಲಿದರೂ ಪ್ಯಾಡ್ ಹೋದಂತೆಯೇ.

ಬಲಗಾಲಿನ ತಳದ ರಿಬೌಂಡ್ ಗುಂಡಿಯನ್ನು (ಕುಗ್ಗಿದ ಫೋರ್ಕ್ ಮೇಲೇಳುವ ವೇಗ ಹೊಂದಿಸುವುದು) ಕಳಚಿ, ಎರಡೂ ಕಾಲಿನ ಬೋಲ್ಟ್‌ಗಳನ್ನು ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ, ಪೂರ್ತಿ ತೆಗೆಯಬೇಡಿ. ಅಲೆನ್ ಕೀ ಬೋಲ್ಟಿನಲ್ಲಿ ಇರುವಂತೆಯೇ ಅದರ ಮೇಲೆ ರಬ್ಬರ್ ಸುತ್ತಿಗೆಯಿಂದ ತಟ್ಟಿ. ಮೊದಲ ಏಟುಗಳಿಗೆ ಗಟ್ಟಿ ಸದ್ದು ಬರುತ್ತದೆ, ಒಳಗಿನ ಶಾಫ್ಟ್ ಬಿಟ್ಟುಕೊಂಡ ಕ್ಷಣದಲ್ಲಿ ಸದ್ದು ಮಂದವಾಗಿ ಬೋಲ್ಟಿನ ತಲೆ ಮತ್ತೆ ಲೋವರಿಗೆ ಅಂಟಿಕೊಳ್ಳುತ್ತದೆ. ಆಗ ಬೋಲ್ಟ್ ತೆಗೆದು, ಕೆಳಗೊಂದು ಬೋಗುಣಿ ಇಟ್ಟು, ಲೋವರನ್ನು ನೇರವಾಗಿ ಎಳೆದುಕೊಳ್ಳಿ.

ಒಳಗಿನದನ್ನೆಲ್ಲ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಗೂ ನೂಲು ಬಿಡದ ಬಟ್ಟೆಯಿಂದ ಒರೆಸಿ. ಲೋವರಿನ ಆಳಕ್ಕೆ ಉದ್ದದ ಮರದ ಕೋಲಿಗೆ ಬಟ್ಟೆ ಸುತ್ತಿ ಬಳಸಬಹುದು. ವೈಪರ್ ಮೃದುವಾಗಿದ್ದು ಎಲ್ಲೂ ಹರಿಯದಿದ್ದರೆ ಅದನ್ನು ಕೀಳುವ ಅಗತ್ಯವೇ ಇಲ್ಲ, ಫೋಮ್ ರಿಂಗನ್ನು ಮಾತ್ರ ಸಣ್ಣ ಕೊಕ್ಕೆಯಿಂದ ಹೊರತೆಗೆದು ತೊಳೆದು ಒಣಗಿಸಬಹುದು. ಕೀಳಲೇಬೇಕಾದರೆ ಲೋವರಿನ ಅಂಚಿಗೆ ದಪ್ಪ ಬಟ್ಟೆ ಮಡಿಸಿಟ್ಟು, ದೊಡ್ಡ ಸ್ಪ್ಯಾನರನ್ನು ಅದರ ಮೇಲೆ ಊರಿ ಮೀಟಬೇಕು. ಒಳ್ಳೆಯ ಫೋರ್ಕುಗಳ ಲೋವರ್ ಮೆಗ್ನೀಸಿಯಮ್‌ನದು, ಬೇಗ ನೆಗ್ಗುತ್ತದೆ.

ಫೋಮ್ ರಿಂಗನ್ನು ಎಣ್ಣೆಯಲ್ಲಿ ಅದ್ದಿ, ಹಿಂಡಿದರೆ ಒಸರುವಷ್ಟು ನೆನೆಸಿ ಕೂರಿಸಿ; ವೈಪರಿನ ಒಳತುಟಿಗೆ ಸಸ್ಪೆನ್ಷನ್ ಗ್ರೀಸನ್ನು ತೆಳುವಾಗಿ ಹಚ್ಚಿ. ಹಾರ್ಡ್‌ವೇರ್ ಅಂಗಡಿಯ ಎಪಿ-3 ಗ್ರೀಸ್ ಬೇರಿಂಗಿಗಾಗಿ ಮಾಡಿದ್ದು, ಇಲ್ಲಿಗೆ ಬಹಳ ಗಟ್ಟಿ. ಎರಡೂ ಸ್ಟ್ಯಾಂಚನ್‌ಗಳನ್ನು ಒಟ್ಟಿಗೆ, ಅಲ್ಲಾಡಿಸುತ್ತಾ, ವೈಪರಿನ ತುಟಿ ಒಳಕ್ಕೆ ಮಡಚದಂತೆ ತೂರಿಸಿ ಅರ್ಧದಲ್ಲಿ ನಿಲ್ಲಿಸಿ. ಬೈಕನ್ನು ಓರೆ ಮಾಡಿ, ತಳದ ತೂತುಗಳು ಮೇಲ್ಮುಖವಾಗಿರುವಾಗ ಸಿರಿಂಜಿನಿಂದ ಎಣ್ಣೆ ಬಿಡಿ. ಪ್ರಮಾಣ ಮಾದರಿಯಿಂದ ಮಾದರಿಗೆ 5 ಮಿಲಿಯಿಂದ 40 ಮಿಲಿಯವರೆಗೆ ಬದಲಾಗುತ್ತದೆ, ಎಡಕ್ಕೂ ಬಲಕ್ಕೂ ಬೇರೆ ಇರಬಹುದು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿಯಲ್ಲಿರುವ ಸಂಖ್ಯೆಯನ್ನೇ ನಂಬಿ. ಹೆಚ್ಚು ಹಾಕಿದರೆ ಒಳ್ಳೆಯದೆಂಬ ಲೆಕ್ಕ ಇಲ್ಲಿ ನಡೆಯದು, ಲೋವರಿನೊಳಗೆ ಗಾಳಿಗಿದ್ದ ಜಾಗ ಕಡಿಮೆಯಾಗಿ ಫೋರ್ಕ್ ಕೊನೆಯಲ್ಲಿ ಗಟ್ಟಿಯಾಗುತ್ತದೆ ಮತ್ತು ಹೆಚ್ಚಿನ ಎಣ್ಣೆ ಸೀಲ್ ದಾಟಿ ಹೊರಬರುತ್ತದೆ.

ಟಾರ್ಕ್ ರೆಂಚನ್ನು ಎರವಲಾದರೂ ತನ್ನಿ. ರಾಕ್‌ಶಾಕ್ಸ್‌ನ ಅನೇಕ ಫೋರ್ಕುಗಳಲ್ಲಿ ತಳದ ಬೋಲ್ಟಿಗೆ ಹೇಳಿರುವುದು 7.3 ನ್ಯೂಟನ್ ಮೀಟರ್ ಮಾತ್ರ. ಮೋಟಾರ್ ಬೈಕಿನ ಬೋಲ್ಟ್ ಬಿಗಿದು ಅಭ್ಯಾಸವಾದ ಕೈಗೆ ಅದು ಏನೂ ಅಲ್ಲವೆನಿಸುತ್ತದೆ, ಬೋಲ್ಟಿನ ಥ್ರೆಡ್ ಕಿತ್ತುಹೋಗುವುದು ಹಾಗೆಯೇ.

ಅವಲಹಳ್ಳಿ_ಧೂಳು

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ 50 ಗಂಟೆಯ ಲೆಕ್ಕವನ್ನು ಗಡಿಯಾರ ನೋಡಿ ಪಾಲಿಸಬೇಕಾಗಿಲ್ಲ. ಬೆಂಗಳೂರಿನ ಬೇಸಿಗೆಯ ಒಣ ಧೂಳಿನಲ್ಲಿ ನಾನು 80 ಗಂಟೆಯವರೆಗೆ ಎಳೆದಿದ್ದೇನೆ, ಎಣ್ಣೆ ಹೊಂಬಣ್ಣದಲ್ಲೇ ಇತ್ತು. ಮಲೆನಾಡಿನ ಜುಲೈ ತಿಂಗಳಲ್ಲಿ ಕೆಸರು ಹಾರಿಸಿಕೊಂಡು ಓಡಿಸಿದ ಮೂರು ಗಂಟೆಯನ್ನು ಆರೆಂದು ಎಣಿಸುವುದೇ ಲೇಸು.

ಎಣ್ಣೆಯ ವಿಷಯ: ಸೈಕಲ್ ಕಂಪನಿಗಳ ಸಣ್ಣ ಬಾಟಲಿಗೆ ಕೊಡುವ ಬೆಲೆ ನೋಡಿ ಅನೇಕರು ಈ ಕೆಲಸವನ್ನೇ ಮುಂದೂಡುತ್ತಾರೆ. ಲೋವರಿನ ಜಾರಿಕೆಗೆ ಮೋಟಾರ್ ಬೈಕ್ ಫೋರ್ಕಿನ 15 ವೇಟ್ ಎಣ್ಣೆ (ವೇಟ್ ಎಂದರೆ ಎಣ್ಣೆಯ ಮಂದತೆಯ ಅಳತೆ) ನಡೆಯುತ್ತದೆ. ಹಳೆಯ ರಾಕ್‌ಶಾಕ್ಸ್ ಕೈಪಿಡಿಗಳಲ್ಲಿ ಲೋವರಿಗೆ 15 ವೇಟ್ ಅನ್ನೇ ಹೇಳಿದ್ದರು. ಅದನ್ನು ಡ್ಯಾಂಪರಿನೊಳಗೆ (ಫೋರ್ಕಿನ ಏರಿಳಿತವನ್ನು ಹದಗೊಳಿಸುವ ಭಾಗ) ಮಾತ್ರ ಹಾಕಬೇಡಿ, ಅಲ್ಲಿ ಎಣ್ಣೆ ಎಷ್ಟು ತೆಳು ಎಂಬುದೇ ಫೋರ್ಕಿನ ವೇಗವನ್ನು ನಿರ್ಧರಿಸುತ್ತದೆ. ಚೈನ್ ಲ್ಯೂಬ್, ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಕೊನೆಯದನ್ನು ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ, ನಮ್ಮ ಗುಂಪಿನಲ್ಲೇ ಒಬ್ಬರು ಅದನ್ನು ಪ್ರಯೋಗಿಸಿದ್ದಾರೆ.

ವಾಟರ್ ಸರ್ವಿಸಿನ ಗನ್ನನ್ನು ಸೀಲಿಗೆ ಗುರಿ ಹಿಡಿಯುವ ಅಭ್ಯಾಸವಿದ್ದರೆ ನಿಲ್ಲಿಸಿ. ಒದ್ದೆ ಬಟ್ಟೆಯಲ್ಲಿ ಸ್ಟ್ಯಾಂಚನ್ ಒರೆಸಿದರೆ ಸಾಕು.

ಕಾಫಿತೋಟದ_ಸವಾರ

ಇಬ್ಬರಿಗೂ ಧನ್ಯವಾದಗಳು. ಭಾನುವಾರ ಬೆಳಿಗ್ಗೆ ಕೂತು ಬಿಚ್ಚಿದೆ. ಬಲಗಾಲಿನಿಂದ ಬೋಗುಣಿಗೆ ಬಿದ್ದದ್ದು ಒಂದು ಚಮಚದಷ್ಟು, ಕಪ್ಪಗಿನ ಎಣ್ಣೆ. ಎಡಗಾಲಿನಿಂದ ಬಂದದ್ದನ್ನು ಎಣ್ಣೆ ಎನ್ನಲಾರೆ. ಹಾಲು ಹೆಚ್ಚಾದ ಕಾಫಿಯಂತೆ ತಿಳಿಕಂದು, ನೀರು ಬೆರೆತದ್ದು ಸ್ಪಷ್ಟವಾಗಿತ್ತು. ಬಲಗಡೆಯ ಫೋಮ್ ರಿಂಗ್ ಒಣಗಿತ್ತು, ಹಿಂಡಿದರೆ ಬೆರಳಿಗೆ ಪಸೆಯಾದರೂ ತಾಗಿತು. ಎಡಗಡೆಯದು ಕೆಮ್ಮಣ್ಣು ತುಂಬಿ ಬಿಸ್ಕತ್ತಿನಂತೆ ಗಟ್ಟಿಯಾಗಿದ್ದು, ಕೊಕ್ಕೆ ಹಾಕಿ ಎಳೆದಾಗ ಎರಡು ತುಂಡಾಗಿ ಬಂತು.

ನೀವು ಅನುಮಾನಿಸಿದಂತೆ ಎಡಗಡೆಯಲ್ಲಿ ಬೇರೆ ಕಾರಣವಿತ್ತು. ಸ್ಟ್ಯಾಂಚನ್ ಒರೆಸಿ ಬೆಳಕಿಗೆ ಹಿಡಿದಾಗ ಹಿಂಬದಿಯಲ್ಲಿ, ಸೀಲ್ ಹೋಗಿ ಬರುವ ದಾರಿಯಲ್ಲೇ, ಉಗುರು ಸಿಕ್ಕಿಕೊಳ್ಳುವಂಥ ಸುಮಾರು ಒಂದು ಸೆಂಟಿಮೀಟರ್ ಉದ್ದದ ನೇರ ಗೀರು ಕಂಡಿತು. ಮೇ ತಿಂಗಳಲ್ಲಿ ಬೈಕನ್ನು ಪಿಕಪ್ ವಾಹನದಲ್ಲಿ ಗುದ್ದಲಿ, ಪೈಪುಗಳ ಜೊತೆ ಮಲಗಿಸಿ ತಂದಿದ್ದೆ, ಅಂದಿನದೇ ಇರಬೇಕು. ಎಡಗಡೆಯ ವೈಪರ್ ತುಟಿಯೂ ಗೀರಿನ ನೇರಕ್ಕೆ ಸವೆದಿದೆ. ಹೊಸ ವೈಪರ್ ಮತ್ತು ಫೋಮ್ ರಿಂಗ್ ಸೆಟ್ಟನ್ನು ತರಿಸಲು ಹಾಕಿದ್ದೇನೆ. ಆದರೆ ಈ ಗೀರು ಇರುವಾಗ ಹೊಸ ಸೀಲ್ ಹಾಕಿ ಪ್ರಯೋಜನವಿದೆಯೇ?

ಹಳೇ_ಸ್ಪ್ಯಾನರ್

ಹಾಗೆಯೇ ಹಾಕಿದರೆ ಪ್ರಯೋಜನವಿಲ್ಲ, ಹೊಸ ತುಟಿಯನ್ನೂ ಅದು ಕೊರೆಯುತ್ತದೆ. ಗೀರಿಗೆ ಎರಡು ತೊಂದರೆಗಳಿರುತ್ತವೆ: ಅಂಚು ಎದ್ದು ನಿಂತಿರುತ್ತದೆ, ನಡುವೆ ತಗ್ಗಿರುತ್ತದೆ. ಎದ್ದ ಅಂಚನ್ನು 2000 ಗ್ರಿಟ್ ಎಮರಿ ಕಾಗದವನ್ನು ಎಣ್ಣೆಯಲ್ಲಿ ನೆನೆಸಿ, ಬೆರಳ ತುದಿಯಲ್ಲಿ, ಗೀರಿನ ಜಾಗದಲ್ಲಷ್ಟೇ ಉಜ್ಜಿ ತೆಗೆಯಿರಿ. ಸುತ್ತಲಿನ ಆನೊಡೈಸ್ ಪದರ (ಲೋಹದ ಗಟ್ಟಿ ಮೇಲ್ಪದರ) ತೆಳುವಾದದ್ದು, ಅದನ್ನು ಉಜ್ಜಿ ಕಳೆದರೆ ಮತ್ತೆ ತರಿಸಲಾಗದು. ಆಮೇಲೆ ಆಲ್ಕೋಹಾಲಿನಿಂದ ಜಿಡ್ಡು ತೆಗೆದು, ತಗ್ಗಿಗೆ ಬಣ್ಣವಿಲ್ಲದ ನೈಲ್ ಪಾಲಿಷನ್ನು ಕಡ್ಡಿಯ ತುದಿಯಿಂದ ತುಂಬಿ, ರಾತ್ರಿಯಿಡೀ ಒಣಗಲು ಬಿಟ್ಟು, ಉಬ್ಬಿದ್ದನ್ನು ಅದೇ ಕಾಗದದಿಂದ ಸಮ ಮಾಡಿ. ಉಗುರು ಎಲ್ಲೂ ತಡೆಯದೆ ಜಾರಿದರೆ ಕೆಲಸ ಆಯಿತು. ಇದು ಶಾಶ್ವತವಲ್ಲ, ಪ್ರತಿ ಸರ್ವಿಸಿಗೆ ನೋಡಿಕೊಳ್ಳಬೇಕು.

ಇನ್ನೊಂದು ಪರೀಕ್ಷೆ ಮಾಡಿ. ಸ್ಟ್ಯಾಂಚನ್ ಹಿಂಭಾಗದಲ್ಲಿ, ಬುಶ್ ಉಜ್ಜುವಲ್ಲಿ, ಮೇಲ್ಪದರ ಸವೆದು ಬೆಳ್ಳಿಯ ಬಣ್ಣದ ಪಟ್ಟೆ ಬಿದ್ದಿದೆಯೇ? ಬಿದ್ದಿದ್ದರೆ ಪಾಲಿಷ್‌ನಿಂದಾಗಲಿ ಸೀಲಿನಿಂದಾಗಲಿ ಗುಣವಾಗದು, ಮೇಲಿನ ಭಾಗವನ್ನೇ ಬದಲಿಸಬೇಕಾಗುತ್ತದೆ.

ವೈಪರ್ ಕೂರಿಸಲು ಅದರ ಹೊರ ಅಂಚಿಗೆ ಸರಿಹೊಂದುವ ಪಿವಿಸಿ ಪೈಪಿನ ತುಂಡನ್ನು ಎರಡೂ ತುದಿ ಸಮವಾಗಿ ಕತ್ತರಿಸಿ ಬಳಸಿ. ತುಟಿಯ ಮೇಲೆ ಏಟು ಬೀಳಬಾರದು.

ಕರಾವಳಿ_ಪೆಡಲ್

ಚರ್ಚೆಗೆ ಸಣ್ಣ ಸೇರ್ಪಡೆ. ಲೋವರಿನೊಳಗೆ ಸಿಕ್ಕಿಬಿದ್ದ ಗಾಳಿಯೂ ಇಂಥ ಬಿಗಿತಕ್ಕೆ ಕಾರಣವಾಗಬಲ್ಲದು. ಮಂಗಳೂರಿನಲ್ಲಿ, ಸಮುದ್ರಮಟ್ಟದಲ್ಲಿ, ಜೋಡಿಸಿದ ಫೋರ್ಕನ್ನು ಸುಮಾರು 3500 ಮೀಟರ್ ಎತ್ತರದ ಲೇಹ್‌ಗೆ ಒಯ್ದಾಗ ಹೊರಗಿನ ಗಾಳಿ ತೆಳುವಾಗಿ, ಒಳಗಿನದು ಸೀಲನ್ನು ಹೊರಕ್ಕೆ ನೂಕುತ್ತಿತ್ತು. ಎರಡೂ ಕಡೆ ಎಣ್ಣೆ ಒಸರಿತು. 2021ರ ಮಾದರಿಯಿಂದ ಫಾಕ್ಸ್ 36 ಮತ್ತು 38 ಫೋರ್ಕುಗಳ ಲೋವರಿನ ಹಿಂಬದಿಯಲ್ಲಿ ಈ ಗಾಳಿ ಬಿಡಲೆಂದೇ ಗುಂಡಿಗಳಿವೆ. ಅದಿಲ್ಲದವರು ತೆಳು ಜಿಪ್ ಟೈಯನ್ನು ಸೀಲಿನಡಿ ತೂರಿಸಿ ಗಾಳಿ ಬಿಡುತ್ತಾರೆ. ನಾನೂ ಹಾಗೆಯೇ ಮಾಡಿದೆ, ಆದರೆ ಅಲ್ಲಿ ಮಣ್ಣಿನ ಒಂದು ಕಣವಿದ್ದರೂ ಮೇಲೆ ಹೇಳಿದಂಥ ಗೀರನ್ನು ನೀವೇ ಮಾಡಿಕೊಂಡಂತಾಗುತ್ತದೆ.

ಕಾಫಿತೋಟದ_ಸವಾರ

ಬೆಳ್ಳಿಯ ಪಟ್ಟೆ ಇಲ್ಲ. ಗೀರು ತುಂಬಿ ಸಮ ಮಾಡಿದೆ, ಈಗ ಉಗುರು ಜಾರುತ್ತದೆ. ಸೆಟ್ಟು ಬಂದ ದಿನವೇ ಆತುರಪಟ್ಟು ಎಡಗಡೆಯ ವೈಪರನ್ನು ಓರೆಯಾಗಿ ಹೊಡೆದೆ. ಪೈಪಿನ ಒಂದು ತುದಿಯನ್ನು ಗರಗಸದಲ್ಲಿ ಸೊಟ್ಟಗೆ ಕತ್ತರಿಸಿದ್ದೇ ತಪ್ಪು. ಹೊರತೆಗೆದು ನೋಡಿದೆ, ಅದೃಷ್ಟಕ್ಕೆ ತುಟಿಗೆ ಏನೂ ಆಗಿರಲಿಲ್ಲ. ಪೈಪನ್ನು ಎಮರಿ ಕಾಗದದ ಮೇಲೆ ತಿರುಗಿಸಿ ಸಮ ಮಾಡಿಕೊಂಡ ಮೇಲೆ ನಾಲ್ಕು ತಟ್ಟಿಗೆ ನೇರವಾಗಿ ಕೂತಿತು. ಕೈಪಿಡಿಯಂತೆ ಎರಡೂ ಕಡೆ ಎಣ್ಣೆ ಬಿಟ್ಟು, ತಳದ ವಾಷರುಗಳನ್ನು ಹೊಸದಾಗಿ ಹಾಕಿ, ಗೆಳೆಯನ ಟಾರ್ಕ್ ರೆಂಚಿನಿಂದ ಬಿಗಿದೆ.

ಮೂರು ಸವಾರಿಗಳಾದವು. ಎಡಗಡೆ ಕೂದಲೆಳೆಯ ಗೆರೆಯಷ್ಟೇ ಇದೆ, ಬಲಗಡೆಯೂ ಅಷ್ಟೇ. ಒತ್ತಡವನ್ನು ಬರೆದಿಟ್ಟ ಅಂಕಿಗೇ ತಂದಿದ್ದೇನೆ. ಆದರೆ ಫೋರ್ಕ್ ಈಗ ಎಷ್ಟು ಸಲೀಸಾಗಿದೆಯೆಂದರೆ ಹಳೆಯ ಒತ್ತಡದಲ್ಲಿ ಸ್ಯಾಗ್ (ಸವಾರನ ಭಾರಕ್ಕೇ ಫೋರ್ಕ್ ಕುಗ್ಗುವ ಪ್ರಮಾಣ) 30 ಶೇಕಡಾ ಮೀರುತ್ತಿದೆ. ಇನ್ನು 5 ಪಿಎಸ್‌ಐ ಏರಿಸಿ ನೋಡುತ್ತೇನೆ.