ಫೋನಿನಲ್ಲಿ ತಿದ್ದಲು ಬರುವ ಎಕ್ಸೆಲ್ ಕಡತ ಹೊಸ ಟ್ಯಾಬ್‌ನಲ್ಲಿ ‘ಓದಲು ಮಾತ್ರ’ ಎನ್ನುತ್ತಿದೆ

ಮುಧೋಳದ ಲೆಕ್ಕಿಗ — ಸೋಮವಾರ, ರಾತ್ರಿ 9:40

ಮುಧೋಳ ಮತ್ತು ಜಮಖಂಡಿ ಭಾಗದ ಐದು ಕೃಷಿ ಪತ್ತಿನ ಸಹಕಾರ ಸಂಘಗಳ ಲೆಕ್ಕ ಬರೆಯುವುದು ನನ್ನ ಉದ್ಯೋಗ. ವಾರದಲ್ಲಿ ನಾಲ್ಕು ದಿನ ಬಸ್ಸಿನಲ್ಲೇ ಕಳೆಯುತ್ತದೆ. ಹೆಗಲು ಜಗ್ಗುವ ಲ್ಯಾಪ್‌ಟಾಪನ್ನು ಮನೆಯಲ್ಲಿಟ್ಟು ಒಂದು ಟ್ಯಾಬ್‌ನಲ್ಲೇ ಎಲ್ಲ ಕೆಲಸ ಮುಗಿಸಬಹುದೆಂದು ನಂಬಿ ಕಳೆದ ತಿಂಗಳು ಆಂಡ್ರಾಯ್ಡ್ ಟ್ಯಾಬ್ ಒಂದನ್ನು ಕೊಂಡೆ. ಈಗ ನೋಡಿದರೆ ಎಕ್ಸೆಲ್ ಕಡತ ತೆರೆಯುತ್ತದೆ, ಅಂಕಿಗಳೆಲ್ಲ ಕಾಣುತ್ತವೆ, ಆದರೆ ಒಂದು ಚೌಕವನ್ನೂ ತಿದ್ದಲು ಬಿಡುವುದಿಲ್ಲ. ವರ್ಡ್‌ನಲ್ಲಿಯೂ ಇದೇ ಕಥೆ. ಅದೇ ಕಡತ, ಅದೇ ಖಾತೆ, ನನ್ನ ಹಳೆಯ ಫೋನಿನಲ್ಲಿ ಯಾವ ತಕರಾರೂ ಇಲ್ಲದೆ ತಿದ್ದಲು ಬರುತ್ತದೆ. ಮಾರ್ಚ್ 31 ಹತ್ತಿರ ಬಂದಿದೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಗುಮ್ಮಟದ ಪ್ರತಿಧ್ವನಿ — ಸೋಮವಾರ, ರಾತ್ರಿ 9:58

ಕಡತವನ್ನು ವಾಟ್ಸ್ಆ್ಯಪ್ ಅಥವಾ ಮೇಲ್‌ನಿಂದ ನೇರವಾಗಿ ತೆರೆಯುತ್ತಿದ್ದೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆ ತೆರೆದದ್ದು ತಾತ್ಕಾಲಿಕ ಪ್ರತಿಯಾಗಿರುವುದರಿಂದ ಅದು ‘ಓದಲು ಮಾತ್ರ’ ಎಂದೇ ಬರುತ್ತದೆ. ಮೊದಲು ಟ್ಯಾಬ್‌ನ ಸಂಗ್ರಹಕ್ಕೆ ಇಳಿಸಿಕೊಂಡು, ಬೇರೆ ಹೆಸರಿನಲ್ಲಿ ಉಳಿಸಿ, ಆಮೇಲೆ ತೆರೆಯಿರಿ.

ಮುಧೋಳದ ಲೆಕ್ಕಿಗ — ಸೋಮವಾರ, ರಾತ್ರಿ 10:15

ಹಾಗೆಯೇ ಮಾಡಿ ನೋಡಿದೆ, ಪ್ರಯೋಜನವಾಗಲಿಲ್ಲ. ಹೊಸ ಖಾಲಿ ಹಾಳೆಯನ್ನು ತೆರೆಯಲು ಹೋದರೂ ಬಿಡುತ್ತಿಲ್ಲ.

ಗುಮ್ಮಟದ ಪ್ರತಿಧ್ವನಿ — ಸೋಮವಾರ, ರಾತ್ರಿ 10:21

ಹಾಗಾದರೆ ನೆಟ್‌ವರ್ಕ್‌ನ ತೊಂದರೆ ಇರಬೇಕು. ಜಮಖಂಡಿಯಿಂದ ವಿಜಯಪುರದ ಕಡೆಗೆ ಹೋಗುವಾಗ ಕೃಷ್ಣಾ ಸೇತುವೆ ದಾಟಿದ ಮೇಲೆ ಬಬಲೇಶ್ವರ ಬರುವವರೆಗೆ ನನ್ನ ಫೋನಿನಲ್ಲಿಯೂ ಸಂಪರ್ಕ ಸಿಗುವುದಿಲ್ಲ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್‌ನಲ್ಲಿರುವ ಕಡತ ಸರ್ವರ್‌ಗೆ ತಲುಪದಿದ್ದರೆ ಆ್ಯಪ್ ಅದನ್ನು ಬೀಗ ಹಾಕಿದಂತೆ ತೋರಿಸುವುದುಂಟು. ನಿಮ್ಮ ಟ್ಯಾಬ್ ಸಿಮ್ ಇಲ್ಲದ, ವೈ-ಫೈ ಮಾತ್ರ ಇರುವ ಮಾದರಿಯೇ? ಫೋನಿನ ಹಾಟ್‌ಸ್ಪಾಟ್‌ನಿಂದ ನಡೆಸುತ್ತಿದ್ದೀರಾ? ಬ್ಯಾಟರಿ ಉಳಿತಾಯದ ವ್ಯವಸ್ಥೆಯನ್ನೂ ನಿಲ್ಲಿಸಿ ನೋಡಿ.

ಟಿಳಕವಾಡಿ ಕಟ್ಟೆ — ಮಂಗಳವಾರ, ಬೆಳಿಗ್ಗೆ 7:05

ಬೆಳಗಾವಿಯಿಂದ ಲೋಂಡಾ ಕಡೆಗೆ ರೈಲಿನಲ್ಲಿ ಹೋಗುವಾಗ ಕಾಡಿನ ನಡುವೆ ಸಂಪರ್ಕದ ಗೆರೆಯೇ ಮಾಯವಾಗುತ್ತದೆ. ಆದರೂ ನಾನು ಟ್ಯಾಬ್‌ನಲ್ಲಿ ತಿದ್ದುತ್ತಲೇ ಇರುತ್ತೇನೆ, ಖಾನಾಪುರಕ್ಕೆ ಮರಳಿದ ಮೇಲೆ ಎಲ್ಲವೂ ತಾನಾಗಿಯೇ ಸೇರಿಕೊಳ್ಳುತ್ತದೆ. ಆದ್ದರಿಂದ ನೆಟ್‌ವರ್ಕ್ ವಾದವನ್ನು ನಾನು ಒಪ್ಪುವುದಿಲ್ಲ. ನನ್ನದು 8.3 ಇಂಚಿನ ಐಪ್ಯಾಡ್ ಮಿನಿ. ಮಡಚುವ ಬ್ಲೂಟೂತ್ ಕೀಲಿಮಣೆ, ಬೆರಳಗಲದ ಮೌಸ್, 20,000 ಎಂಎಎಚ್ ಪವರ್ ಬ್ಯಾಂಕ್, ಇಷ್ಟೂ ಒಂದೇ ಪಾಕೀಟಿನಲ್ಲಿ ಹಿಡಿಯುತ್ತವೆ. ಲ್ಯಾಪ್‌ಟಾಪ್ ಮುಟ್ಟದೆ ಎರಡು ವರ್ಷವಾಯಿತು.

ಗುಮ್ಮಟದ ಪ್ರತಿಧ್ವನಿ — ಮಂಗಳವಾರ, ಬೆಳಿಗ್ಗೆ 7:30

ಐಪ್ಯಾಡ್ ಇರುವವರಿಗೆ ನಮ್ಮ ಆಂಡ್ರಾಯ್ಡ್‌ನ ಕಷ್ಟ ತಿಳಿಯುವುದಿಲ್ಲ. ಹಿನ್ನೆಲೆಯಲ್ಲಿ ನಡೆಯುವ ಆ್ಯಪ್‌ಗಳನ್ನು ಆಂಡ್ರಾಯ್ಡ್ ಆಗಾಗ ಮುಚ್ಚಿಬಿಡುತ್ತದೆ. ನಾನು ಹೇಳಿದ ಬ್ಯಾಟರಿ ವ್ಯವಸ್ಥೆಯನ್ನು ಮೊದಲು ಪರೀಕ್ಷಿಸಿ.

ಮುಧೋಳದ ಲೆಕ್ಕಿಗ — ಮಂಗಳವಾರ, ಮಧ್ಯಾಹ್ನ 1:10

ಬ್ಯಾಟರಿ ಉಳಿತಾಯ ನಿಲ್ಲಿಸಿದೆ. ಹಾಟ್‌ಸ್ಪಾಟ್ ಬಿಟ್ಟು ಸಂಘದ ಕಚೇರಿಯ ವೈ-ಫೈಗೆ ಸೇರಿಸಿದೆ. ಆ್ಯಪ್ ಅಳಿಸಿ ಮತ್ತೆ ಹಾಕಿದೆ. ಬ್ಯಾಟರಿ ಬೇಗ ಇಳಿಯತೊಡಗಿತೇ ಹೊರತು ಬೇರೇನೂ ಆಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಯಿತು. ಸಾಲದ್ದಕ್ಕೆ ಸಂಘದ ಹಳೆಯ ಠರಾವು ಪುಸ್ತಕದ ವರ್ಡ್ ಕಡತ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಬೆರಕೆ ಕಾಣುತ್ತಿದೆ. ಟ್ಯಾಬೇ ಕೆಟ್ಟಿದೆಯೇ?

ನವನಗರದ ನಕಾಶೆ — ಮಂಗಳವಾರ, ಮಧ್ಯಾಹ್ನ 2:02

ಆ ಎರಡನೆಯದು ಬೇರೆಯೇ ರೋಗ. ಠರಾವನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪು ಮಾಡಿದ್ದಾರೆ. ಅಂತಹ ಕಡತದೊಳಗೆ ನಿಜವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಆ ಫಾಂಟ್ ಕನ್ನಡದ ರೂಪ ತೊಡಿಸಿರುತ್ತದೆ. ಫಾಂಟ್ ಇಲ್ಲದ ಟ್ಯಾಬ್‌ನಲ್ಲಿ ಆ ವೇಷ ಕಳಚಿ ಬೀಳುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದ ಪರಿವರ್ತಕದಿಂದ, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ಬದಲಿಸಿಕೊಂಡು ಬನ್ನಿ. ಒತ್ತಕ್ಷರಗಳು ಮತ್ತು ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ಸರಿಪಡಿಸಬೇಕಾಗಬಹುದು.

ಮಲಪ್ರಭಾ ದಂಡೆ — ಮಂಗಳವಾರ, ಮಧ್ಯಾಹ್ನ 2:40

ಇಪ್ಪತ್ತು ವರ್ಷದ ಠರಾವುಗಳನ್ನು ಬದಲಿಸುತ್ತಾ ಕುಳಿತರೆ ಲೆಕ್ಕ ಬರೆಯುವವರು ಯಾರು? ಆ ಫಾಂಟನ್ನೇ ಟ್ಯಾಬ್‌ಗೆ ಹಾಕಿಕೊಳ್ಳಲಿ. ಯೂನಿಕೋಡ್ ಎಂದು ಜಪ ಮಾಡುವವರು ಮುದ್ರಣಾಲಯಕ್ಕೆ ಬಂದು ನೋಡಲಿ, ಅಲ್ಲಿ ಇಂದಿಗೂ ನುಡಿಯ ಹಳೆಯ ಫಾಂಟ್‌ಗಳೇ ನಡೆಯುತ್ತವೆ.

ನವನಗರದ ನಕಾಶೆ — ಮಂಗಳವಾರ, ಮಧ್ಯಾಹ್ನ 2:55

ಮುದ್ರಣಾಲಯದ ಮಾತು ಇಲ್ಲಿ ಬೇಡ. ಆಂಡ್ರಾಯ್ಡ್ ಟ್ಯಾಬ್‌ಗೆ ಫಾಂಟ್ ಹಾಕುವುದು ಕಂಪ್ಯೂಟರಿಗೆ ಹಾಕಿದಷ್ಟು ಸರಳವಲ್ಲ. ಹೇಗೋ ಹಾಕಿದರೂ, ನುಡಿಯ ಹಳೆಯ ಕಡತದಲ್ಲಿ ‘ಠರಾವು’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ಎಲ್ಲವನ್ನೂ ಬದಲಿಸಲು ನಾನು ಹೇಳಲಿಲ್ಲ, ಪ್ರಯಾಣದಲ್ಲಿ ಬೇಕಾಗುವ ಈ ವರ್ಷದ್ದನ್ನು ಬದಲಿಸಿಕೊಂಡರೆ ಸಾಕು.

ಹಳೇ ಗುಮಾಸ್ತ — ಮಂಗಳವಾರ, ರಾತ್ರಿ 8:30

ಫಾಂಟಿನ ಜಗಳ ಮುಗಿದಿದ್ದರೆ ಮೂಲ ಪ್ರಶ್ನೆಗೆ ಮರಳೋಣ. ಖಾತೆ ಅದೇ, ಕಡತ ಅದೇ, ಫೋನಿನಲ್ಲಿ ತಿದ್ದಲು ಬರುತ್ತದೆ, ಟ್ಯಾಬ್‌ನಲ್ಲಿ ಬರುವುದಿಲ್ಲ ಎಂದು ಅವರು ಮೊದಲ ಬರಹದಲ್ಲೇ ಹೇಳಿದ್ದಾರೆ. ಎರಡರ ನಡುವೆ ಎದ್ದು ಕಾಣುವ ವ್ಯತ್ಯಾಸವನ್ನು ಯಾರೂ ಕೇಳಲಿಲ್ಲ. ಲೆಕ್ಕಿಗರೇ, ನಿಮ್ಮ ಟ್ಯಾಬ್‌ನ ಪರದೆ ಎಷ್ಟು ಇಂಚು? ಆ್ಯಪ್ ತೆರೆದಾಗ ಯಾವುದಾದರೂ ಸಂದೇಶ ಬರುತ್ತದೆಯೇ?

ಮುಧೋಳದ ಲೆಕ್ಕಿಗ — ಮಂಗಳವಾರ, ರಾತ್ರಿ 8:52

ಪೆಟ್ಟಿಗೆಯ ಮೇಲೆ 11 ಇಂಚು ಎಂದಿದೆ. ಖಾತೆ ಪುಸ್ತಕದ ಹಾಳೆ ಪೂರ್ತಿ ಕಾಣಲಿ ಎಂದು ದೊಡ್ಡದನ್ನೇ ಆರಿಸಿದೆ. ಸಂದೇಶವೇನೂ ಇಲ್ಲ, ತೆರೆದ ಕೂಡಲೇ ಮೈಕ್ರೋಸಾಫ್ಟ್ 365ರ ಒಂದು ಜಾಹೀರಾತು ಬರುತ್ತದೆ, ಅದನ್ನು ಪ್ರತಿ ಸಲ ಮುಚ್ಚಿಬಿಡುತ್ತೇನೆ.

ಹಳೇ ಗುಮಾಸ್ತ — ಮಂಗಳವಾರ, ರಾತ್ರಿ 9:20

ನೀವು ಜಾಹೀರಾತು ಎಂದು ಮುಚ್ಚುತ್ತಿರುವುದೇ ನಿಮ್ಮ ಪ್ರಶ್ನೆಯ ಉತ್ತರ. ಪರದೆಯ ಕರ್ಣ 10.1 ಇಂಚು ಅಥವಾ ಅದಕ್ಕಿಂತ ಕಡಿಮೆ ಇರುವ ಸಾಧನಗಳಲ್ಲಿ ಮಾತ್ರ ವರ್ಡ್, ಎಕ್ಸೆಲ್ ಮತ್ತು ಪವರ್‌ಪಾಯಿಂಟ್‌ಗಳಲ್ಲಿ ಉಚಿತವಾಗಿ ತಿದ್ದಬಹುದು. ಅದನ್ನು ಮೀರಿದರೆ ಓದಲು ಮಾತ್ರ ಸಿಗುತ್ತದೆ, ತಿದ್ದಬೇಕಾದರೆ ಮೈಕ್ರೋಸಾಫ್ಟ್ 365ರ ಚಂದಾ ಕಟ್ಟಬೇಕು. 2015ರಲ್ಲೇ ಘೋಷಿಸಿದ ನಿಯಮವಿದು, ಗುಟ್ಟೇನಲ್ಲ, ಅಂಗಡಿಯವರು ಹೇಳುವುದಿಲ್ಲ ಅಷ್ಟೇ. 9.7 ಇಂಚಿನ ಐಪ್ಯಾಡ್ ಇದ್ದವರು 2019ರಲ್ಲಿ ಬಂದ 10.2 ಇಂಚಿನದಕ್ಕೆ ಬದಲಾದಾಗ ಒಂದು ಕೂದಲೆಳೆಯ ಅಂತರದಲ್ಲಿ ಗೆರೆಯ ಆಚೆಗೆ ಬಿದ್ದರು. ಟಿಳಕವಾಡಿಯವರ ಮಿನಿ ನಡೆಯುವುದು ಅವರ ಪಾಕೀಟಿನ ಜಾಣ್ಮೆಯಿಂದಲ್ಲ, 8.3 ಇಂಚಿನಿಂದ.

ಇನ್ನೊಂದು ಮಾತು: ಆ ಉಚಿತ ಅವಕಾಶ ಸ್ವಂತ ಬಳಕೆಗೆ ಮಾತ್ರ. ಸಂಘದ ಲೆಕ್ಕ ಬರೆಯುವುದು ಉದ್ಯೋಗವಾದ್ದರಿಂದ ಫೋನಿನಲ್ಲಿ ಮಾಡಿದರೂ ಚಂದಾ ಇರಬೇಕೆಂಬುದು ಷರತ್ತು. ಚಂದಾ ಬೇಡವೆಂದರೆ ಗೂಗಲ್ ಶೀಟ್ಸ್‌ನಲ್ಲಿ ಎಕ್ಸೆಲ್ ಕಡತವನ್ನೇ ತೆರೆದು ತಿದ್ದಬಹುದು, ಅಲ್ಲಿ ಇಂಚಿನ ಕಟ್ಟಳೆ ಇಲ್ಲ. ಬಸ್ಸು ಹತ್ತುವ ಮೊದಲು ಪ್ರತಿ ಕಡತದ ಮೂರು ಚುಕ್ಕೆಯ ಪಟ್ಟಿಯಲ್ಲಿ ಆಫ್‌ಲೈನ್ ಆಯ್ಕೆಯನ್ನು ಒತ್ತಿಡಿ. ಲಿಬ್ರೆಆಫೀಸ್ ಎಂಬ ಮುಕ್ತ ಕಚೇರಿ ತಂತ್ರಾಂಶದ ಆಧಾರದ ಕೊಲ್ಯಾಬೊರಾ ಆಫೀಸ್ ಎಂಬ ಆ್ಯಪ್ ಕೂಡ ಉಂಟು, ಸಂಪರ್ಕವೇ ಇಲ್ಲದೆ ನಡೆಯುತ್ತದೆ, ಆದರೆ ದೊಡ್ಡ ಹಾಳೆಗಳಲ್ಲಿ ಕೊಂಚ ಭಾರ ಎನಿಸುತ್ತದೆ.

ಗುಮ್ಮಟದ ಪ್ರತಿಧ್ವನಿ — ಮಂಗಳವಾರ, ರಾತ್ರಿ 9:34

ಪರದೆಯ ಅಳತೆಯನ್ನು ಮೊದಲೇ ಬರೆದಿದ್ದರೆ ನಾನೂ ಇದನ್ನೇ ಹೇಳುತ್ತಿದ್ದೆ. ಬ್ಯಾಟರಿ ಉಳಿತಾಯವನ್ನು ನಿಲ್ಲಿಸಿಯೇ ಇಟ್ಟುಕೊಳ್ಳುವುದು ಹೇಗೂ ಒಳ್ಳೆಯದು.

ಮುಧೋಳದ ಲೆಕ್ಕಿಗ — ಬುಧವಾರ, ಸಂಜೆ 6:45

ಇಂದು ಜಮಖಂಡಿಯ ಬಸ್ಸಿನಲ್ಲಿ ಕುಳಿತು ಶೀಟ್ಸ್‌ನಲ್ಲಿ ರೋಜುಕೀರ್ದಿಯ (ದಿನವಹಿ ಲೆಕ್ಕದ ಪುಸ್ತಕ) ಎರಡು ದಿನದ ನಮೂದುಗಳನ್ನು ಮುಗಿಸಿದೆ. ಗುಮಾಸ್ತರಿಗೆ ಅನಂತ ವಂದನೆಗಳು. ಆದರೆ ಬಡ್ಡಿ ಲೆಕ್ಕದ ಹಾಳೆಯಲ್ಲಿರುವ ‘ಬಡ್ಡಿ ಹಾಕು’ ಎಂಬ ಗುಂಡಿಯನ್ನು ಒತ್ತಿದರೆ ಏನೂ ಆಗುತ್ತಿಲ್ಲ. ಚಂದಾ ಕಟ್ಟಿದರೆ ಅದು ನಡೆಯುತ್ತದೆಯೇ?

ಹಳೇ ಗುಮಾಸ್ತ — ಬುಧವಾರ, ರಾತ್ರಿ 8:10

ನಡೆಯುವುದಿಲ್ಲ. ಆ ಗುಂಡಿಯ ಹಿಂದೆ ಮ್ಯಾಕ್ರೋ, ಅಂದರೆ ಕೆಲಸವನ್ನು ತಾನಾಗಿಯೇ ಮಾಡುವ ಪುಟ್ಟ ಪ್ರೋಗ್ರಾಂ, ಇದೆ. ಎಕ್ಸೆಲ್‌ನ ಮ್ಯಾಕ್ರೋಗಳು ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತವೆ, ಟ್ಯಾಬ್‌ನ ಎಕ್ಸೆಲ್ ಆ್ಯಪ್‌ನಲ್ಲಿ ಚಂದಾ ಕಟ್ಟಿದರೂ ಓಡುವುದಿಲ್ಲ. ಸರಳ ಬಡ್ಡಿಯಾದರೆ ಗುಂಡಿಯ ಅಗತ್ಯವೇ ಇಲ್ಲ. ಅಸಲು, ಬಡ್ಡಿ ದರ, ದಿನಗಳ ಸಂಖ್ಯೆ, ಈ ಮೂರನ್ನು ಗುಣಿಸಿ 36500ರಿಂದ ಭಾಗಿಸುವ ಸೂತ್ರವನ್ನು ಒಂದು ಚೌಕದಲ್ಲಿ ಬರೆದು ಕೆಳಗಿನವರೆಗೆ ಎಳೆಯಿರಿ. ಒಂದು ಲಕ್ಷ ಅಸಲಿಗೆ ಶೇಕಡಾ 10ರಂತೆ 73 ದಿನಕ್ಕೆ 2,000 ರೂಪಾಯಿ ಬಂದರೆ ಸೂತ್ರ ಸರಿಯಿದೆ ಎಂದು ತಿಳಿಯಿರಿ. ಸುಸ್ತಿ ಬಡ್ಡಿಯನ್ನೂ ಆ ಮ್ಯಾಕ್ರೋ ಹಾಕುತ್ತಿದ್ದರೆ ಅದರ ನಿಯಮ ನೋಡದೆ ನಾನೇನೂ ಹೇಳಲಾರೆ. ಹಾಳೆಯನ್ನು ಮಾಡಿದವರು ಯಾರು?

ಮುಧೋಳದ ಲೆಕ್ಕಿಗ — ಬುಧವಾರ, ರಾತ್ರಿ 8:31

ಹಿಂದಿನ ಕಾರ್ಯದರ್ಶಿಗಳು ಮಾಡಿದ್ದು. ಅವರು ನಿವೃತ್ತರಾಗಿದ್ದಾರೆ, ಮ್ಯಾಕ್ರೋಗೆ ಹಾಕಿದ ಗುಪ್ತಪದ ಅವರಿಗೂ ನೆನಪಿಲ್ಲವಂತೆ. ಮಾರ್ಚ್ ಮುಗಿಯುವವರೆಗೆ ಬಡ್ಡಿಯ ಕೆಲಸಕ್ಕೆ ಲ್ಯಾಪ್‌ಟಾಪನ್ನೇ ಹೊತ್ತು ಹೋಗುತ್ತೇನೆ.