ಪದ ಬೇಕು, ನಾಳೆ ಬೆಳಗ್ಗೆಯೊಳಗೆ: ಉಳುಕು, ಹಿಡಿತ, ‘ನರ ಎಳೆದಿದೆ’

ಗೆಳೆಯರೇ,

ಈ ಭಾನುವಾರ ಜಯನಗರದಲ್ಲಿ ನಮ್ಮ ಬಡಾವಣೆಯವರ 5 ಕಿ.ಮೀ. ಓಟ ಇದೆ. ಪ್ರಥಮ ಚಿಕಿತ್ಸೆಯ ಮೇಜಿನ ಹಿಂದೆ ಬಟ್ಟೆ ಬ್ಯಾನರ್ ಕಟ್ಟಬೇಕು. ಬರೆಯುವವರು ನಾಳೆ ಬೆಳಗ್ಗೆ 9ಕ್ಕೆ ಬರುತ್ತಾರೆ. ಬಟ್ಟೆ 6 ಅಡಿ. ದೂರದಿಂದ ಓದುವ ಹಾಗೆ ದಪ್ಪ ಅಕ್ಷರ ಬೇಕು, ಹಾಗಾಗಿ ಉದ್ದನೆಯ ಪದ ಹಿಡಿಸುವುದಿಲ್ಲ.

ಇಂಗ್ಲಿಷಿನಲ್ಲಿ ಸ್ಪ್ರೇನ್, ಸ್ಟ್ರೇನ್ ಅಂತ ಎರಡು ಪದ ಇವೆ. ಮೊದಲನೆಯದು ಕೀಲಿನ ಪೆಟ್ಟು. ಮೂಳೆಗೂ ಮೂಳೆಗೂ ಇರುವ ಕಟ್ಟು ಜಗ್ಗಿ ಹರಿಯುವುದು. ಎರಡನೆಯದು ಮಾಂಸಖಂಡದ್ದು, ಇಲ್ಲವೇ ಮಾಂಸಖಂಡವನ್ನು ಮೂಳೆಗೆ ಸೇರಿಸುವ ಹುರಿಯದ್ದು. ನಾವು ಎರಡಕ್ಕೂ ‘ಉಳುಕು’ ಅಂತೀವಿ. ಇಲ್ಲದಿದ್ದರೆ ‘ನರ ಎಳೆದಿದೆ’. ಬೇರೆ ಬೇರೆ ಪದ ಇದ್ದರೆ ತಿಳಿಸಿ.

ಇನ್ನೊಂದು ವಿಷಯ. ಪಾದವೂ ಕಾಲೂ ಸೇರುವ ಕೀಲಿಗೆ ನಮ್ಮ ಮನೆಯಲ್ಲಿ ಕಣಕಾಲು ಅಂತಾರೆ. ನನ್ನ ಅತ್ತೆ ಮನೆಯಲ್ಲಿ ಕಣಕಾಲು ಅಂದ್ರೆ ಮಂಡಿಯಿಂದ ಕೆಳಗಿನ ಇಡೀ ಕಾಲು. ಬ್ಯಾನರ್‌ಗೆ ಯಾವುದು?

ಇದನ್ನು ಸುಮ್ನೆ ಕೇಳುತ್ತಿಲ್ಲ. ನಮ್ಮಲ್ಲಿ ‘ಉಳುಕು’ ಅಂದ ತಕ್ಷಣ ಮುಂದಿನ ಮಾತು ‘ತೆಗೆಸ್ಕೊಂಡು ಬಾ’. ನಾಲ್ಕು ವರ್ಷದ ಹಿಂದೆ ಫುಟ್‌ಪಾತಿನ ಚಪ್ಪಡಿ ಅಲುಗಾಡಿ ನನ್ನ ಕಾಲು ಹೊರಳಿತು. ಮನೆಯವರೆಲ್ಲ ಉಳುಕು ಅಂದರು. ತೆಗೆಯುವವರ ಹತ್ತಿರ ಹೋದೆ. ಎಣ್ಣೆ ಹಚ್ಚಿ, ನೀವಿ, ಎರಡು ಸಲ ಜಗ್ಗಿದರು. ಆರನೇ ದಿನ ಎಕ್ಸ್‌ರೇ ತೆಗೆದಾಗ ಮೂಳೆ ಬಿರುಕು ಬಿಟ್ಟಿತ್ತು. ನನ್ನನ್ನು ಅಲ್ಲಿಗೆ ಕಳಿಸಿದ್ದು ಆ ಪದವೇ ಅಂತ ನನಗೆ ಈಗಲೂ ಅನ್ನಿಸುತ್ತದೆ.

– ಜಯನಗರದಿಂದ

* * *

ಉಳುಕು ಸಾಕು. ಅಪ್ಪಟ ದ್ರಾವಿಡ ಪದ. ಮಲಯಾಳದಲ್ಲಿ ಉಳುಕ್ಕ್, ತಮಿಳಿನಲ್ಲಿ ಸುಳುಕ್ಕು. ಇಂಗ್ಲಿಷಿನವರು ಎರಡಾಗಿ ಒಡೆದರು ಅಂತ ನಾವೂ ಒಡೆಯಬೇಕಾಗಿಲ್ಲ.

ಕಣಕಾಲು ಬೇಡ. ಆ ಕೀಲಿಗೆ ನಮ್ಮದೇ ಪದ ಇದೆ: ಹರಡು. ಹಳಗನ್ನಡದಲ್ಲಿ ಪರಡು. ತಮಿಳಿನಲ್ಲಿ ಇಂದಿಗೂ ಪಕಾರವೇ. ಪಾಲು ಹಾಲಾಯಿತು, ಪೂ ಹೂವಾಯಿತು, ಪರಡು ಹರಡಾಯಿತು. ಇಷ್ಟು ಚೊಕ್ಕ ಪದ ಇಟ್ಟುಕೊಂಡು ತಡಕಾಡುವುದೇಕೆ?

– ಬಸವನಗುಡಿ

* * *

‘ಹರಡು ಉಳುಕಿದರೆ’ ಅಂತ ಬರೆದು ನಿಮ್ಮ ಬೀದಿಯ ಹತ್ತು ಜನಕ್ಕೆ ತೋರಿಸಿ. ಒಂಬತ್ತು ಜನ ‘ಉಳುಕು ಹರಡುತ್ತೆ’ ಅಂತ ಓದುತ್ತಾರೆ. ಸೋಂಕು ಹರಡುವ ಹಾಗೆ. ಪದ ಚೊಕ್ಕ ಇದೆ, ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ಅದು ಬಾಯಿಂದ ಹೋಗಿ ಎಷ್ಟೋ ಕಾಲ ಆಯಿತು. ಬ್ಯಾನರ್ ಮೇಲೆ ಅದನ್ನು ಬದುಕಿಸಲು ಹೋಗಬೇಡಿ.

ಎರಡನೆಯದಕ್ಕೆ ‘ಮಸಲ್ ಪುಲ್’ ಅಂತಲೇ ಬರೆಯಿರಿ. ಕ್ರಿಕೆಟ್ ನೋಡುವವರಿಗೆಲ್ಲ ಗೊತ್ತು.

– ರಾಜಾಜಿನಗರ

* * *

ಮಸಲ್ ಪುಲ್ ಅಂತ ಬರೆಯುವುದಾದರೆ ಇಲ್ಲಿ ಕೇಳುವುದೇ ಬೇಡ. ಬೆಂಗಳೂರು ಪೇಟೆಯಲ್ಲಿ ಗರಡಿಮನೆಗಳು ಇದ್ದವು. ಕರಗದ ಉತ್ಸವದಲ್ಲಿ ಕತ್ತಿ ಹಿಡಿದು ನಡೆಯುವ ವೀರಕುಮಾರರು ಅಲ್ಲೇ ಸಾಮು ಮಾಡಿದವರು. ಅವರಿಗೆ ಕಾಲು ಉಳುಕಲಿಲ್ಲವೇ, ತೊಡೆ ಹಿಡಿಯಲಿಲ್ಲವೇ? ಇಂಗ್ಲಿಷ್ ಇಲ್ಲದೆ ಹೇಳಿಕೊಂಡರಲ್ಲ. ಆ ಮಾತು ಹುಡುಕಿ.

– ಬಸವನಗುಡಿ

* * *

ಗರಡಿ ಅಂದಿರಿ. ಅಲ್ಲಿ ಆಡುವ ಕುಸ್ತಿ ಪಾರ್ಸಿಯಿಂದ ಬಂದದ್ದು. ಕಲಿಸುವ ಉಸ್ತಾದ್ ಕೂಡ ಪಾರ್ಸಿ. ಕಸರತ್ತು ಅರಬ್ಬಿ. ಇವು ಬಂದಿದ್ದಕ್ಕೆ ಗರಡಿ ಕೆಡಲಿಲ್ಲ. ಮಸಲ್ ಬಂದರೆ ಮಾತ್ರ ಮೈಲಿಗೆಯಾ?

– ರಾಜಾಜಿನಗರ

* * *

ಇಬ್ಬರೂ ಸ್ವಲ್ಪ ನಿಲ್ಲಿ. ಕೇಳಿದವರಿಗೆ ನಾಳೆ ಬೆಳಗ್ಗೆ ಪದ ಬೇಕು.

ಯಾರೋ ‘ಸ್ನಾಯು ಸೆಳೆತ’ ಅಂತ ಬರೆಯಲು ಹೇಳುತ್ತಾರೆ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಶಾಲೆಯ ಪುಸ್ತಕದಲ್ಲಿ ಸ್ನಾಯು ಅಂದ್ರೆ ಮಾಂಸಖಂಡ. ಮೂವತ್ತು ವರ್ಷ ನಾನೂ ಹಾಗೇ ಪಾಠ ಮಾಡಿದೆ. ಆದರೆ ಸುಶ್ರುತನ ಲೆಕ್ಕ ಬೇರೆ. ಅವನು ಮೈಯಲ್ಲಿ 900 ಸ್ನಾಯು, 500 ಪೇಶಿ ಎಣಿಸುತ್ತಾನೆ. ಮಾಂಸಖಂಡಕ್ಕೆ ಅವನ ಪದ ಪೇಶಿ. ಸ್ನಾಯು ಅಂದ್ರೆ ಕಟ್ಟುವ ಹುರಿ. ಹಡಗಿನ ಹಲಗೆಗಳನ್ನು ಕಟ್ಟಿ ಬಿಗಿದ ಹಾಗೆ ಮೈಯನ್ನು ಬಿಗಿದಿಡುವಂಥದ್ದು. ನಾವು ಕನ್ನಡದಲ್ಲಿ ಪದವನ್ನು ಹುರಿಯಿಂದ ಮಾಂಸಕ್ಕೆ ಸರಿಸಿದೆವು. ಆಮೇಲೆ ಹುರಿಗೆ ಪದವಿಲ್ಲದೆ ‘ಸ್ನಾಯುರಜ್ಜು’, ‘ಅಸ್ಥಿರಜ್ಜು’ ಹೊಸೆದೆವು. ಅಸ್ಥಿರಜ್ಜು ಅಂತ ನರಳುವವರನ್ನು ನಾನು ಕಂಡಿಲ್ಲ.

‘ನರ ಎಳೆದಿದೆ’ ಅನ್ನುವುದನ್ನು ಅಜ್ಞಾನ ಅಂತ ತಳ್ಳಬೇಡಿ. ನಮ್ಮ ಆಡುಮಾತಿನ ನರ ಹಗ್ಗದಂತಿರುವ ಎಲ್ಲಕ್ಕೂ ಸಲ್ಲುತ್ತದೆ. ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಹುರಿಯನ್ನೇ ಹೇಳುತ್ತಿತ್ತು, ಮಿದುಳಿನ ತಂತು ಆಮೇಲಿನ ಅರ್ಥ. ಮಸಲ್ ಲ್ಯಾಟಿನ್ನಿನಲ್ಲಿ ‘ಪುಟ್ಟ ಇಲಿ’. ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಅವರಿಗೆ ಕಂಡಿತು. ನಮಗೆ ಮೀನು ಕಂಡಿತು, ಮೀನಖಂಡ ಅಂದೆವು. ನನ್ನ ಮಟ್ಟಿಗೆ ಮೀನಖಂಡದಷ್ಟು ಒಳ್ಳೆಯ ಪದ ಈ ಪಟ್ಟಿಯಲ್ಲೇ ಇಲ್ಲ.

ಕೊನೆಯ ಮಾತು. ‘ಓಡುವ ಮೊದಲು ಮೈ ಬಿಸಿ ಮಾಡಿಕೊಳ್ಳಿ’ ಅಂತ ದಯವಿಟ್ಟು ಬರೆಯಬೇಡಿ. ಮೈ ಬಿಸಿಯಾಗಿದೆ ಅಂದ್ರೆ ಕನ್ನಡದಲ್ಲಿ ಜ್ವರ.

– ಮೈಸೂರು ರಸ್ತೆಯಿಂದ ಮೇಷ್ಟ್ರು

* * *

ನಾನು ಮಲ್ಲೇಶ್ವರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಇಲ್ಲಿ ಓದುತ್ತಿರುತ್ತೇನೆ, ಬರೆಯುವುದು ಕಡಿಮೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ಮೇಷ್ಟ್ರೇ, ನಮ್ಮಲ್ಲಿಗೆ ಬರುವವರು ಯಾರೂ ಸ್ನಾಯು ಅನ್ನುವುದಿಲ್ಲ, ನಿಜ. ‘ಓಡ್ತಾ ಇದ್ದೆ, ತೊಡೆ ಹಿಂದೆ ಚಳಕ್ ಅಂತು’ ಅಂತಾರೆ. ಅಷ್ಟು ಕೇಳಿದರೆ ಅರ್ಧ ಗೊತ್ತಾಗುತ್ತದೆ. ‘ಕಾಲು ಹೊರಳಿತು’ ಅಂದ್ರೆ ಪಾದ ಒಳಕ್ಕೆ ತಿರುಗಿ ಹೊರಗಡೆಯ ಕಟ್ಟು ಜಗ್ಗಿದೆ ಅಂತ. ಜಾಸ್ತಿ ಕಾಣುವುದು ಇದೇ.

ಆದರೆ ನಿಮಗೆ ಬೇಕಿರುವುದು ಎರಡು ಪದ ಅಲ್ಲ, ಮೂರು. ‘ಹಿಡಿತ’ವನ್ನು ಯಾರೂ ಬಿಡಿಸಿ ಹೇಳಲಿಲ್ಲ. ಓಟದ ಕೊನೆಯಲ್ಲಿ ಮೀನಖಂಡ ಕಲ್ಲಿನಂತೆ ಗಟ್ಟಿಯಾಗುವುದೂ ‘ಹಿಡ್ಕೊಂಡಿದೆ’. ತೊಡೆಯ ಮಾಂಸ ಹರಿದಿರುವುದೂ ‘ಹಿಡ್ಕೊಂಡಿದೆ’. ಮೊದಲನೆಯದಕ್ಕೆ ಮೆಲ್ಲಗೆ ಚಾಚಿದರೆ ಕೆಲವೇ ನಿಮಿಷದಲ್ಲಿ ಬಿಡುತ್ತದೆ. ಎರಡನೆಯದನ್ನು ಆಗಲೇ ಎಳೆದು ಚಾಚಿದರೆ ಹರಿದದ್ದು ಇನ್ನಷ್ಟು ಹರಿಯಬಹುದು. ಒಂದೇ ಪದಕ್ಕೆ ಎರಡು ಉಲ್ಟಾ ಉಪಚಾರ. ನಿಮ್ಮ ಬ್ಯಾನರ್ ಇಲ್ಲಿ ಎಡವಬಾರದು.

ಉಳುಕಿದ ಕಾಲನ್ನು ಮೊದಲ ಎರಡು ಮೂರು ದಿನ ನೀವುವುದು, ಬಿಸಿ ಶಾಖ, ಜಗ್ಗುವುದು ಯಾವುದೂ ಬೇಡ. ಊತ ಹೆಚ್ಚುತ್ತದೆ. ಪೆಟ್ಟಾದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗದೆ, ಆಮೇಲೂ ಆಗದಿದ್ದರೆ, ಅಥವಾ ಪಾದದ ಎರಡೂ ಪಕ್ಕದ ಗುಬುಟು ಮೂಳೆಗಳಲ್ಲಿ ಯಾವುದಾದರೂ ಒಂದರ ಹಿಂಬದಿ ಅಂಚನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕು. ಇದು ವೈದ್ಯರು ನಂಬಿ ಬಳಸುವ ಪರೀಕ್ಷೆ. ಜಯನಗರದವರಿಗೆ ಅವತ್ತು ಯಾರಾದರೂ ‘ನಾಲ್ಕು ಹೆಜ್ಜೆ ನಡೀರಿ ನೋಡೋಣ’ ಅಂದಿದ್ದರೆ ಆರು ದಿನ ಹೋಗುತ್ತಿರಲಿಲ್ಲ.

‘ರೈಸ್’ ಅಂತ ಬರೆಯುವ ಯೋಚನೆ ಇದ್ದರೆ ಬಿಡಿ. ವಿಶ್ರಾಂತಿ, ಐಸ್, ಬಿಗಿ ಪಟ್ಟಿ, ಕಾಲು ಎತ್ತರಕ್ಕೆ ಇಡುವುದು, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಅದು. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಕಟ್ಟಿದ್ದು. ಆಮೇಲೆ ಅವರೇ ಐಸ್ ಮತ್ತು ಪೂರ್ತಿ ವಿಶ್ರಾಂತಿಯಿಂದ ವಾಸಿಯಾಗುವುದು ತಡವಾಗಬಹುದು ಅಂತ ಮಾತು ಬದಲಿಸಿದರು. ನೋವು ತಡೆಯಲು ಸ್ವಲ್ಪ ಹೊತ್ತು ಐಸ್ ಇಡಬಹುದು, ಬಟ್ಟೆ ಸುತ್ತಿ. ಅದಿರಲಿ, ಕನ್ನಡದಲ್ಲಿ ರೈಸ್ ಅಂತ ಬರೆದರೆ ಅನ್ನ ಅಷ್ಟೇ.

ವಾರ್ಮ್ ಅಪ್‌ಗೆ ಪದ ಹುಡುಕುವ ಬದಲು ಮಾಡಬೇಕಾದ್ದನ್ನೇ ಬರೆಯಿರಿ. ‘ಮೊದಲು 10 ನಿಮಿಷ ಬಿರುಸಾಗಿ ನಡೆಯಿರಿ, ಆಮೇಲೆ ಓಡಿ.’ ಹೊಸಬರಿಗೆ ಇದಕ್ಕಿಂತ ಮುಖ್ಯವಾದ ಮಾತು ಒಂದಿದೆ: ದೂರವನ್ನು ವಾರ ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ. ಮಂಡಿ ನೋವು, ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆ ನೋವು, ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗಿನ ಹಿಮ್ಮಡಿ ನೋವು, ಇವುಗಳಲ್ಲಿ ಹೆಚ್ಚಿನವು ಒಮ್ಮೆಲೇ ಜಾಸ್ತಿ ಓಡಿದ್ದರಿಂದ ಬರುವಂಥವು.

– ಮಲ್ಲೇಶ್ವರ

* * *

ಮೂಳೆ ಬಿರುಕಿನ ಕತೆಗೂ ಭಾಷೆಗೂ ಸಂಬಂಧವಿಲ್ಲ. ಪದ ತಪ್ಪು ಮಾಡಲಿಲ್ಲ, ಜಗ್ಗಿದವರು ಮಾಡಿದರು.

– ಬಸವನಗುಡಿ

* * *

ಬಸವನಗುಡಿಯವರೇ, ಸಂಬಂಧ ಇದೆ. ಉಳುಕು ಒಂಟಿಯಾಗಿ ಬರುವುದಿಲ್ಲ. ‘ಹಲ್ಲು’ ಅಂದ್ರೆ ‘ಉಜ್ಜು’ ಬರುವ ಹಾಗೆ ‘ಉಳುಕು’ ಅಂದ್ರೆ ‘ತೆಗೆ’ ಬರುತ್ತದೆ. ಒಳಗೆ ಏನೋ ಸಿಕ್ಕಿಕೊಂಡಿದೆ, ಯಾರಾದರೂ ಹೊರಗೆ ತೆಗೆಯಬೇಕು ಅಂತ ಆ ಜೋಡಿ ನಮ್ಮನ್ನು ನಂಬಿಸುತ್ತದೆ. ತೆಗೆಯಲು ಅಲ್ಲಿ ಏನೂ ಇಲ್ಲ. ಹರಿದ ಕಟ್ಟು ಕೂಡಿಕೊಳ್ಳಬೇಕು, ಅಷ್ಟೇ. ಪದವನ್ನು ಬಿಡಲು ನಾನು ತಯಾರಿಲ್ಲ, ಅದು ಎಲ್ಲರ ಬಾಯಲ್ಲಿದೆ. ಅದರ ಪಕ್ಕದ ಕ್ರಿಯಾಪದವನ್ನು ಬದಲಿಸಬೇಕು.

ಫಿಸಿಯೋ ಮೇಡಂ ಬರೆದದ್ದು ಓದಿದ ಮೇಲೆ ನಾಮಪದ ಹುಡುಕುವುದನ್ನೇ ನಿಲ್ಲಿಸಿದೆ. ಪೆಟ್ಟಾದವರು ನಾಮಪದದಲ್ಲಿ ಮಾತಾಡುವುದಿಲ್ಲ. ‘ಏನಾಯ್ತು’ ಅನ್ನುವುದನ್ನು ಹೇಳುತ್ತಾರೆ. ಹಾಗೇ ಬರೆಸುತ್ತೇನೆ:

ಕಾಲು ಹೊರಳಿ ಉಳುಕಿತಾ? ತಿಕ್ಕಬೇಡಿ. ಕೂತು ಕಾಲು ಮೇಲಿಡಿ.
ತೊಡೆ, ಮೀನಖಂಡ ಚಳಕ್ ಅಂತಾ? ಓಟ ನಿಲ್ಲಿಸಿ. ಚಾಚಬೇಡಿ.
ಗಟ್ಟಿಯಾಗಿ ಹಿಡ್ಕೊಂಡಿತಾ? ಮೆಲ್ಲಗೆ ಚಾಚಿ.
4 ಹೆಜ್ಜೆ ಇಡಲು ಆಗ್ತಿಲ್ವಾ? ಎಕ್ಸ್‌ರೇ ತೆಗೆಸಿ.

ಕಣಕಾಲೂ ಇಲ್ಲ, ಹರಡೂ ಇಲ್ಲ. ಕಾಲು ಅಂದ್ರೆ ಸಾಕು, ನೋವಿರುವ ಜಾಗ ಅವರಿಗೇ ಗೊತ್ತಿರುತ್ತದೆ. ಮೊದಲು ‘ನೀವಬೇಡಿ’ ಅಂತ ಬರೆದಿದ್ದೆ, ಅದೇ ಸರಿಯಾದ ಪದ. ಆದರೆ ಮಗಳು ಅದನ್ನು ‘ನೀವು ಬೇಡಿ’ ಅಂತ ಓದಿದಳು. ಅದಕ್ಕೆ ‘ತಿಕ್ಕಬೇಡಿ’ ಮಾಡಿದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ರಾತ್ರಿಯೇ ತಿಳಿಸಿ. ಬೆಳಗ್ಗೆ 9ಕ್ಕೆ ಬಣ್ಣ ಕಲಸಿಬಿಡುತ್ತಾರೆ.

– ಜಯನಗರದಿಂದ